ಗುದನಾಳದಲ್ಲಿ ಹಳದಿ ಗಂಟು ಕಂಡರೆ ಕೈ ತಡೆಯಬೇಕು

ಪ್ರಶ್ನೆ: ನಾನು ಸಿಂಧನೂರಿನವಳು, ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂದೆಗೆ 56 ವರ್ಷ, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಲದ ಜೊತೆ ಆಗಾಗ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದುಕೊಂಡಿದ್ದೆವು. ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿದ ಡಾಕ್ಟರು ‘ಒಳಮೂಲವ್ಯಾಧಿ ಇದೆ, ಗುದನಾಳದಲ್ಲಿ 6 ಮಿ.ಮೀ. ಪಾಲಿಪ್, ಅಂದರೆ ಒಳಪೊರೆಯ ಮೇಲೆ ಸಣ್ಣ ಬೆಳವಣಿಗೆ ಇತ್ತು, ಅದನ್ನೂ ತೆಗೆದಿದ್ದೇವೆ’ ಎಂದರು. ಹತ್ತು ದಿನಕ್ಕೆ ಬಂದ ಬಯಾಪ್ಸಿ ವರದಿಯಲ್ಲಿ ‘ನ್ಯೂರೋಎಂಡೋಕ್ರೈನ್ ಟ್ಯೂಮರ್, ಗ್ರೇಡ್ 1, ಕೆಐ-67 ಶೇ. 1, ಆಳದ ಅಂಚಿನವರೆಗೂ ಗಡ್ಡೆ ಇದೆ’ ಎಂದು ಬರೆದಿದೆ. ಪರದೆಯ ಮೇಲೆ ಕಂಡಾಗಲೇ ಇದು ಬೇರೆ ಅಂತ ಗೊತ್ತಾಗಬೇಕಿತ್ತಲ್ಲವೇ? ಇದು ಕ್ಯಾನ್ಸರಾ? ಇನ್ನೊಂದು ಆಪರೇಷನ್ ಬೇಕಾ? ಅಪ್ಪನಿಗೆ ಏನಂತ ಹೇಳಲಿ?

ಉತ್ತರ: ತಂಗಿ, ನಿಮ್ಮ ಪತ್ರವನ್ನೂ ಜೊತೆಗಿದ್ದ ವರದಿಯನ್ನೂ ಎರಡು ಸಲ ಓದಿದೆ. ಮೊದಲು ಧೈರ್ಯದ ಮಾತು ಹೇಳಿಬಿಡುತ್ತೇನೆ. ಆರು ಮಿಲಿಮೀಟರ್, ಗ್ರೇಡ್ 1 ಅಂದರೆ ನಿಧಾನಕ್ಕೆ ಬೆಳೆಯುವ ಬಗೆ, ಅದೂ ಗುದನಾಳದಲ್ಲಿ. ಈ ಬಗೆಯ ಗಡ್ಡೆಗಳಲ್ಲಿ ಇದಕ್ಕಿಂತ ಒಳ್ಳೆಯ ವರದಿ ಸಿಗುವುದು ಕಷ್ಟ. ಆದರೆ ಒಂದು ಸಣ್ಣ ಕೆಲಸ ಬಾಕಿ ಉಳಿದಿದೆ, ಅದನ್ನು ತಡಮಾಡಬಾರದು. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಬಹಳ ಸಲ ಕಂಡಾಗಲೇ ಅನುಮಾನ ಬರಬೇಕು. ಆದರೆ ಬಹಳ ಸಲ ಬರುವುದಿಲ್ಲ. ನನಗೂ ಬಂದಿರಲಿಲ್ಲ. ನಾನು ಎಂಡೋಸ್ಕೋಪಿ ಶುರುಮಾಡಿದ ಹೊಸತರಲ್ಲಿ ಸಿರುಗುಪ್ಪ ಕಡೆಯ ರೈತರೊಬ್ಬರು ಬಂದಿದ್ದರು. ಗುದನಾಳದಲ್ಲಿ ಒಂದು ಸಣ್ಣ ದುಂಡನೆ ಗಂಟು ಕಂಡಿತು. ಪಾಲಿಪ್ ಅಂದುಕೊಂಡೆ, ತಂತಿಯ ಕುಣಿಕೆ ಹಾಕಿ ಬಿಗಿದು ಕರೆಂಟ್ ಕೊಟ್ಟೆ. ಅರ್ಧ ನಿಮಿಷದಲ್ಲಿ ಮುಗಿಯಿತು. ವಾರದ ನಂತರ ಪೆಥಾಲಜಿಯ ಹಿರಿಯರು ಫೋನ್ ಮಾಡಿ, ‘ಇದು ಕಾರ್ಸಿನಾಯ್ಡ್ ಇದೆಯಲ್ಲ, ನೀವು ಏನು ನೋಡಿದಿರಿ? ಎಷ್ಟು ಸೆಂಟಿಮೀಟರ್ ಮೇಲಿತ್ತು? ಯಾವ ಗೋಡೆ?’ ಎಂದು ಕೇಳಿದರು. ಕಾರ್ಸಿನಾಯ್ಡ್ ಅಂದರೆ ನ್ಯೂರೋಎಂಡೋಕ್ರೈನ್ ಗಡ್ಡೆಯ ಹಳೆಯ ಹೆಸರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೊ ತೆಗೆದಿರಲಿಲ್ಲ, ದೂರ ಬರೆದಿರಲಿಲ್ಲ. ಭತ್ತದ ಕೊಯ್ಲು ಮುಗಿಸಿಕೊಂಡು ಅವರು ಮತ್ತೆ ಬರುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಅರ್ಧ ಗಂಟೆ ಹುಡುಕಿದರೂ ಕತ್ತರಿಸಿದ ಕಲೆ ಸಿಗಲಿಲ್ಲ. ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದ ಅವರು ‘ಸಿಕ್ತೇನ್ರೀ ಸಾಹೇಬ್ರ?’ ಅಂತ ಮೂರು ಸಲ ಕೇಳಿದರು. ಆ ದನಿ ಈಗಲೂ ಕಿವಿಯಲ್ಲಿದೆ. ಅವರಿಗೆ ವರ್ಷಗಟ್ಟಲೆ ತಪಾಸಣೆಯ ಅಲೆದಾಟವಾಯಿತು. ಗಡ್ಡೆ ಮರಳಲಿಲ್ಲ, ಆ ಮಾತು ಬೇರೆ. ಆದರೆ ಆ ಅಲೆದಾಟ ತಪ್ಪಿಸಲು ನನಗೆ ಎರಡೇ ನಿಮಿಷದ ತಾಳ್ಮೆ ಸಾಕಿತ್ತು. ಹಾಗಾಗಿ ಈ ಉತ್ತರವನ್ನು ನಿಮಗೆ ಮಾತ್ರವಲ್ಲ, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ದಿನಾ ಸ್ಕೋಪ್ ಹಿಡಿಯುವ ಕಿರಿಯ ಡಾಕ್ಟರುಗಳಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ನ್ಯೂರೋ’ ಅಂದ ಕೂಡಲೇ ಮಿದುಳು ಎಂದುಕೊಳ್ಳುವವರೇ ಹೆಚ್ಚು. 2018ರ ಮಾರ್ಚ್‌ನಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗಡ್ಡೆ ಇದೆ ಎಂದು ತಿಳಿಸಿದಾಗ ನಮ್ಮ ಓಪಿಡಿಗೆ ಬಂದವರೂ ‘ಅವರಿಗೆ ಮಿದುಳು ಗಡ್ಡೆಯಂತೆ’ ಎಂದೇ ಮಾತಾಡಿಕೊಳ್ಳುತ್ತಿದ್ದರು. ವಿಷಯ ಹಾಗಲ್ಲ. ನಮ್ಮ ಕರುಳಿನ ಒಳಪೊರೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಚೆಲ್ಲಿದಂತೆ ಕೆಲವು ವಿಶೇಷ ಕೋಶಗಳಿವೆ. ನರಕೋಶದ ಗುಣವೂ ಹಾರ್ಮೋನ್ ಸುರಿಸುವ ಗ್ರಂಥಿಯ ಗುಣವೂ ಅವುಗಳಲ್ಲಿ ಸೇರಿರುವುದರಿಂದ ಆ ಜೋಡಿ ಹೆಸರು. ಕರುಳು ಎಷ್ಟು ಬೇಗ ಚಲಿಸಬೇಕು, ಎಷ್ಟು ರಸ ಸುರಿಸಬೇಕು ಎಂಬ ಸಂದೇಶ ಕೊಡುವುದು ಅವುಗಳ ಕೆಲಸ. ಅವು ಗಂಟುಕಟ್ಟಿ ಬೆಳೆದರೆ ಈ ಗಡ್ಡೆ. 1907ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಸೀಗ್‌ಫ್ರೀಡ್ ಒಬರ್ನ್‌ಡಾರ್ಫರ್ ಎಂಬ ಪೆಥಾಲಜಿ ತಜ್ಞ ಇವನ್ನು ‘ಕಾರ್ಸಿನಾಯ್ಡ್’ ಎಂದು ಕರೆದ. ಕ್ಯಾನ್ಸರಿನಂತೆ ಕಾಣುತ್ತದೆ, ಆದರೆ ಅಷ್ಟು ಕ್ರೂರವಲ್ಲ ಎಂಬ ಅರ್ಥದಲ್ಲಿ. 1929ರ ಹೊತ್ತಿಗೆ ಅವನೇ ತನ್ನ ಮಾತನ್ನು ತಿದ್ದಿಕೊಂಡು, ಇವುಗಳಲ್ಲಿ ಕೆಲವು ಹರಡಬಲ್ಲವು ಎಂದು ಒಪ್ಪಿದ. ‘ಇದು ಕ್ಯಾನ್ಸರಾ’ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ: ಹರಡುವ ಶಕ್ತಿ ಇರುವುದರಿಂದ ಇದು ಕ್ಯಾನ್ಸರ್ ಗುಂಪಿಗೇ ಸೇರುತ್ತದೆ, ಆದರೆ ನಿಮ್ಮ ತಂದೆಯವರಿಗೆ ಇದ್ದಷ್ಟು ಸಣ್ಣದು ಹರಡುವುದು ಬಹಳ ಅಪರೂಪ.

ಈಗ ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಸಾಮಾನ್ಯ ಪಾಲಿಪ್ ಹುಟ್ಟುವುದು ಕರುಳಿನ ಒಳಪೊರೆಯ ಮೇಲ್ಮೈಯಲ್ಲಿ. ಆದ್ದರಿಂದ ಅದರ ಮೈಮೇಲಿನ ವಿನ್ಯಾಸವೇ ಬೇರೆಯಾಗಿರುತ್ತದೆ, ಹೂಕೋಸಿನ ತುಣುಕಿನಂತೆ, ಸುಕ್ಕುಸುಕ್ಕಾಗಿ, ಸುತ್ತಲಿನ ಪೊರೆಗಿಂತ ಕೆಂಪಗೆ. ನ್ಯೂರೋಎಂಡೋಕ್ರೈನ್ ಗಡ್ಡೆ ಹುಟ್ಟುವುದು ಅದೇ ಪೊರೆಯ ತಳದಲ್ಲಿ, ಬೆಳೆಯುವುದು ಕೆಳಗಿನ ಪದರದ ಕಡೆಗೆ. ಮೇಲಿನ ಪೊರೆ ಮುರಿಯದೆ, ಹಾಗೇ ಹಿಗ್ಗಿ, ಅದಕ್ಕೆ ಹೊದಿಕೆಯಾಗುತ್ತದೆ. ತೆಳ್ಳನೆಯ ಒದ್ದೆ ಬಟ್ಟೆಯ ಕೆಳಗೆ ಒಂದು ಶೇಂಗಾ ಬೀಜ ಇಟ್ಟು ನೋಡಿ, ಹಾಗಿರುತ್ತದೆ. ಮೈ ನುಣುಪು, ಅಂಚು ದುಂಡಗೆ, ಸುತ್ತಲಿನ ಪೊರೆಯಿಂದ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ. ತೊಟ್ಟು ಇರುವುದಿಲ್ಲ. ಬಣ್ಣ ತಿಳಿ ಹಳದಿ, ಹೆರೆದ ತುಪ್ಪದ ಬಣ್ಣ. ಕೆಲವು ಸುತ್ತಲಿನ ಪೊರೆಯಷ್ಟೇ ಗುಲಾಬಿಯಾಗಿ ಕಾಣುವುದೂ ಉಂಟು, ಹಾಗಾಗಿ ಹಳದಿ ಇಲ್ಲ ಅಂದಮಾತ್ರಕ್ಕೆ ಕೈಬಿಡುವಂತಿಲ್ಲ. ಮೇಲೆ ಕೂದಲೆಳೆಯಂಥ ರಕ್ತನಾಳಗಳು ಹಬ್ಬಿರುವುದು ಕಾಣಬಹುದು. ಸಿಗುವ ಜಾಗವೂ ಹೆಚ್ಚುಕಡಿಮೆ ಒಂದೇ: ಗುದದ್ವಾರದಿಂದ ಸುಮಾರು 5ರಿಂದ 10 ಸೆಂ.ಮೀ. ಮೇಲೆ, ಹೆಚ್ಚಾಗಿ ಮುಂದಿನ ಅಥವಾ ಪಕ್ಕದ ಗೋಡೆ. ಹೆಚ್ಚಿನವು ಸಿಕ್ಕಾಗ 10 ಮಿ.ಮೀ.ಗಿಂತ ಚಿಕ್ಕವೇ ಇರುತ್ತವೆ.

ನೋಡಿದ ಮೇಲೆ ಮುಟ್ಟಬೇಕು. ಇದನ್ನು ನಮ್ಮ ಹುಡುಗರಿಗೆ ನಾನು ಹೇಳಿ ಹೇಳಿ ದಣಿದಿಲ್ಲ. ಚೂರು ತೆಗೆಯುವ ಚಿಮುಟ, ಅಂದರೆ ಬಯಾಪ್ಸಿ ಫೋರ್ಸೆಪ್ಸ್‌ನ ಬಾಯಿ ಮುಚ್ಚಿ, ಅದರ ತುದಿಯಿಂದ ಗಂಟನ್ನು ಮೆಲ್ಲಗೆ ಒತ್ತಬೇಕು. ಹಳದಿ ಬಣ್ಣದ್ದೇ ಆದ ಕೊಬ್ಬಿನ ಗಡ್ಡೆ, ಅಂದರೆ ಲೈಪೋಮ, ಒತ್ತಿದಲ್ಲಿ ಕುಳಿ ಬಿದ್ದು, ಬಿಟ್ಟ ಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಹೋಳಿಗೆಗೆ ನಾದಿಟ್ಟ ಕಣಕವನ್ನು ಬೆರಳಿನಿಂದ ಒತ್ತಿದ ಹಾಗೆ. ನ್ಯೂರೋಎಂಡೋಕ್ರೈನ್ ಗಡ್ಡೆಗೆ ಕುಳಿ ಬೀಳುವುದಿಲ್ಲ. ಅದು ಗಟ್ಟಿ. ಹುಣಸೆಹಣ್ಣಿನೊಳಗಿನ ಬೀಜದಂತೆ ತುದಿಯಿಂದ ಜಾರಿ ಪಕ್ಕಕ್ಕೆ ಸರಿಯುತ್ತದೆ. ಮೇಲಿನ ಪೊರೆ ಅದರ ಮೇಲೆ ಒಂದಿಷ್ಟು ಅಲುಗಾಡುತ್ತದೆ. ಕೈಗೆ ಬರುವ ಈ ಅನುಭವ ಒಂದು ಸಲ ಬಂದರೆ ಮರೆಯುವುದಿಲ್ಲ. ಫೋರ್ಸೆಪ್ಸ್‌ನ ಬಾಯಿ ತೆರೆದು ಪಕ್ಕದಲ್ಲಿ ಹಿಡಿದರೆ ಅಳತೆಯೂ ಸಿಗುತ್ತದೆ. ಕಣ್ಣಂದಾಜು ಪರದೆಯ ಮೇಲೆ ಮೋಸ ಮಾಡುತ್ತದೆ, ಹತ್ತಿರ ಹೋದರೆ ಜೋಳದ ಕಾಳೂ ನಿಂಬೆಹಣ್ಣಾಗುತ್ತದೆ.

ನೀಲಿ-ಹಸಿರು ಬೆಳಕಿನಲ್ಲಿ ನೋಡುವ ಎನ್‌ಬಿಐ ಗುಂಡಿ ಈಗ ಸಾಕಷ್ಟು ಸ್ಕೋಪ್‌ಗಳಲ್ಲಿದೆ. ಅದನ್ನು ಒತ್ತಿ ನೋಡಿದಾಗ ಗಂಟಿನ ಮೇಲಿನ ಸಣ್ಣ ರಂಧ್ರಗಳ ಸಾಲು ಪಕ್ಕದ ಪೊರೆಯದರಂತೆಯೇ ಸಾಮಾನ್ಯವಾಗಿ ಕಂಡರೆ, ‘ಇದರ ಮೂಲ ಮೇಲ್ಮೈಯಲ್ಲಿಲ್ಲ, ಕೆಳಗಿದೆ’ ಎಂದು ತಿಳಿಯಬೇಕು. ಪಾಲಿಪ್ ಎಂದು ಬರೆಯುವ ಮುನ್ನ ಈ ಒಂದು ಪ್ರಶ್ನೆ ಕೇಳಿಕೊಂಡರೂ ಸಾಕು, ಅರ್ಧ ತಪ್ಪು ತಪ್ಪುತ್ತದೆ.

ಗಾಳಿಯ ವಿಷಯವೂ ಇದೆ. ಗುದನಾಳವನ್ನು ಪೂರ್ತಿ ಉಬ್ಬಿಸಿದರೆ 4-5 ಮಿ.ಮೀ. ಗಂಟು ಗೋಡೆಯೊಳಗೆ ಚಪ್ಪಟೆಯಾಗಿ ಮಾಯವಾಗುತ್ತದೆ. ಸ್ವಲ್ಪ ಗಾಳಿ ಎಳೆದಾಗ ಮತ್ತೆ ತಲೆ ಎತ್ತುತ್ತದೆ. ಗುದನಾಳದಲ್ಲಿರುವ ಅಡ್ಡ ಮಡಿಕೆಗಳ ಹಿಂದೆಯೂ ಅವಿತಿರಬಹುದು. ನಾವು ಮಾಡುವ ದೊಡ್ಡ ತಪ್ಪು ಏನೆಂದರೆ, ಒಳಗೆ ಹೋಗುವಾಗ ಸೀಕಮ್ (ದೊಡ್ಡ ಕರುಳು ಶುರುವಾಗುವ ಜಾಗ) ಮುಟ್ಟುವ ಅವಸರ, ಹೊರಗೆ ಬರುವಾಗ ಮುಗಿಸುವ ಅವಸರ. ಕೊನೆಯ 15 ಸೆಂಟಿಮೀಟರಿಗೆ ಕಣ್ಣು ದಣಿದಿರುತ್ತದೆ. ಈ ಗಡ್ಡೆ ಕಾದು ಕೂತಿರುವುದು ಅಲ್ಲೇ. ಸ್ಕೋಪನ್ನು ಗುದನಾಳದಲ್ಲಿ ಹಿಂದಿರುಗಿಸಿ ಕೆಳಭಾಗವನ್ನು ನೋಡುವುದನ್ನು ಯಾರೂ ಬಿಡಬಾರದು. ಅದಕ್ಕೂ ಮೊದಲು ಬೆರಳಿನ ಪರೀಕ್ಷೆ. ಏಳೆಂಟು ಸೆಂ.ಮೀ. ಒಳಗಿರುವ ಗಂಟು ಬೆರಳಿಗೇ ಬಟಾಣಿಯಂತೆ ತಗಲುತ್ತದೆ, ಯಂತ್ರವೇ ಬೇಡ. ನಮ್ಮ ಕಡೆ ರಕ್ತ ಹೋದರೆ ಜನ ನೇರ ಮೂಲವ್ಯಾಧಿಯ ಬೋರ್ಡ್ ಹಾಕಿಕೊಂಡವರ ಹತ್ತಿರ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತಾರೆ, ಅಲ್ಲಿ ಬೆರಳಿನ ಪರೀಕ್ಷೆಯೂ ಆಗಿರುವುದಿಲ್ಲ. ನನಗೆ ಇದರಷ್ಟು ಸಂಕಟ ಕೊಡುವ ಸಂಗತಿ ಬೇರೆ ಇಲ್ಲ. ನಿಮ್ಮ ತಂದೆಯವರಿಗೆ ಕೊಲೊನೋಸ್ಕೋಪಿ ಮಾಡಿಸಿದ್ದೀರಲ್ಲ, ಅದೇ ದೊಡ್ಡ ಉಪಕಾರ. ರಕ್ತ ಬಂದಿದ್ದು ಬಹುತೇಕ ಮೂಲವ್ಯಾಧಿಯಿಂದಲೇ ಇರಬೇಕು. ಇಷ್ಟು ಸಣ್ಣ ಗಡ್ಡೆ ನೋವೂ ಕೊಡುವುದಿಲ್ಲ, ಸಾಮಾನ್ಯವಾಗಿ ರಕ್ತವನ್ನೂ ಸುರಿಸುವುದಿಲ್ಲ. ಬೇರೆ ಯಾವುದಕ್ಕೋ ನೋಡುವಾಗ ಆಕಸ್ಮಿಕವಾಗಿ ಸಿಗುವುದೇ ಇವುಗಳ ರೂಢಿ.

ಕೆಲವು ಲಕ್ಷಣ ಕಂಡರೆ ಮಾತ್ರ ‘ಸಣ್ಣದು’ ಎಂಬ ಧೈರ್ಯ ಬಿಡಬೇಕು. ಗಂಟಿನ ನಡುವೆ ಹೊಕ್ಕುಳಿನಂತೆ ತಗ್ಗು, ಮೇಲ್ಮೈ ಕೆಂಪೇರಿರುವುದು, ಕೆರೆದಂತೆ ಅಥವಾ ಹುಣ್ಣಾಗಿರುವುದು, 10 ಮಿ.ಮೀ. ದಾಟಿರುವುದು. ಇಂಥವುಗಳಲ್ಲಿ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿರುವ ಸಾಧ್ಯತೆ ಏರುತ್ತದೆ. ಸೆಂಟಿಮೀಟರಿಗಿಂತ ಚಿಕ್ಕದರಲ್ಲಿ ಅದು ನೂರರಲ್ಲಿ ಒಂದೋ ಮೂರೋ. 20 ಮಿ.ಮೀ. ದಾಟಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹರಡಿರುತ್ತದೆ. ನಡುವಿನದು ಎರಡರ ಮಧ್ಯೆ. ಆದ್ದರಿಂದಲೇ ಸೆಂಟಿಮೀಟರಿನ ಒಳಗಿನದನ್ನು ಸ್ಕೋಪ್‌ನಿಂದ ತೆಗೆಯುತ್ತೇವೆ, ಎರಡು ದಾಟಿದ್ದಕ್ಕೆ ದುಗ್ಧಗ್ರಂಥಿ ಸಮೇತ ಶಸ್ತ್ರಚಿಕಿತ್ಸೆಯ ಮಾತಾಡುತ್ತೇವೆ, ನಡುವಿನದಕ್ಕೆ ಎಂಆರ್‌ಐ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡಿ ಕೂತು ಯೋಚಿಸುತ್ತೇವೆ.

ಅನುಮಾನ ಬಂತು ಅಂತಿಟ್ಟುಕೊಳ್ಳಿ. ಡಾಕ್ಟರು ಏನು ಮಾಡಬೇಕು? ಕುಣಿಕೆಯನ್ನು ಕೆಳಗಿಡಬೇಕು. ಸಾಮಾನ್ಯ ಕುಣಿಕೆ ಮೇಲ್ಮೈಯ ಪಾಲಿಪ್‌ಗೆ ಮಾಡಿದ್ದು. ಅದು ಬಿಗಿದಾಗ ಕತ್ತರಿಸುವ ಗೆರೆ ಸರಿಯಾಗಿ ಈ ಗಡ್ಡೆಯ ತಳದಲ್ಲೇ ಹಾದುಹೋಗುತ್ತದೆ. ಮೇಲಿನ ಟೊಪ್ಪಿಗೆ ಹೊರಗೆ ಬರುತ್ತದೆ, ಬುಡ ಅಲ್ಲೇ ಉಳಿಯಬಹುದು. ಕರೆಂಟಿನ ಬಿಸಿಗೆ ಅಂಚು ಸುಟ್ಟು, ಪೂರ್ತಿ ಬಂದಿದೆಯೋ ಇಲ್ಲವೋ ಎಂದು ಪೆಥಾಲಜಿಯವರಿಗೂ ಹೇಳಲಾಗುವುದಿಲ್ಲ. ನಿಮ್ಮ ತಂದೆಯವರ ವರದಿಯಲ್ಲಿ ‘ಆಳದ ಅಂಚಿನವರೆಗೂ ಗಡ್ಡೆ ಇದೆ’ ಎಂಬ ಸಾಲು ಬಂದಿರುವುದು ಹೀಗೆ. ಕತ್ತರಿಸಿದ ಡಾಕ್ಟರ ಕೈ ಕೆಟ್ಟದ್ದಲ್ಲ, ಆ ಗಂಟಿಗೆ ಆ ಆಯುಧ ತಪ್ಪು.

ಬದಲಿಗೆ, ಎರಡು ಮೂರು ಒಳ್ಳೆಯ ಫೋಟೊ, ಗುದದ್ವಾರದಿಂದ ಎಷ್ಟು ಸೆಂ.ಮೀ., ಯಾವ ಗೋಡೆ, ಎಷ್ಟು ಅಳತೆ ಎಂಬ ಬರಹ. ಚೂರು ತೆಗೆಯಲೇಬೇಕೆಂದರೆ ಒಂದು ಚೂರು. ಗಡ್ಡೆ ಪೊರೆಯ ತಳದಿಂದಲೇ ಹುಟ್ಟುವುದರಿಂದ ಒಂದು ಚೂರಿನಲ್ಲೂ ಬಹಳ ಸಲ ಉತ್ತರ ಸಿಗುತ್ತದೆ. ಆರೆಂಟು ಕಡೆ ಕಚ್ಚಿದರೆ ಆ ಜಾಗ ಗಾಯವಾಗಿ ಅಂಟಿಕೊಂಡು, ಮುಂದೆ ಸರಿಯಾಗಿ ತೆಗೆಯುವವರಿಗೆ ಪದರ ಬಿಡಿಸಲು ಬರುವುದಿಲ್ಲ. ಗುರುತಿಗೆಂದು ಶಾಯಿ ಹಾಕುವುದಾದರೆ ಗಂಟಿನ ಕೆಳಗೆ ಅಲ್ಲ, ದೂರದಲ್ಲಿ ಹಾಕಬೇಕು. ಕೆಳಗೆ ಹಾಕಿದರೂ ಅದೇ ಅಂಟು.

ಆಮೇಲೆ ತೆಗೆಯುವ ಸರಿಯಾದ ದಾರಿಗಳು. ಅದರಲ್ಲಿ ಒಂದು ನಮ್ಮ ಜಿಲ್ಲೆಗಳಿಗೆ ಬಹಳ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಉಬ್ಬಿ ರಕ್ತ ವಾಂತಿ ಮಾಡಿಕೊಂಡವರಿಗೆ ರಬ್ಬರ್ ಬ್ಯಾಂಡ್ ಹಾಕುವ ಸಾಧನ ಎಂಡೋಸ್ಕೋಪಿ ಮಾಡುವ ಕಡೆಯೆಲ್ಲ ಇರುವಂಥದ್ದು. ನಮ್ಮಲ್ಲಿ ಕುಡಿತದಿಂದ ಆ ಕಾಯಿಲೆ ಎಷ್ಟಿದೆ ಎಂಬುದು ನಿಮಗೂ ಗೊತ್ತು. ಅದೇ ಸಾಧನವನ್ನು ಗುದನಾಳಕ್ಕೆ ಒಯ್ದು, ಗಂಟನ್ನು ಸಾಧನದ ತುದಿಯ ಟೊಪ್ಪಿಗೆಯೊಳಗೆ ಹೀರಿ ಎಳೆದು, ಬುಡಕ್ಕೆ ಬ್ಯಾಂಡ್ ಬಿಡುತ್ತೇವೆ. ಕೆಳಗಿನ ಪದರವೂ ಸೇರಿ ಮೇಲೆದ್ದು ಒಂದು ಗುಬಟಾಗುತ್ತದೆ. ಆಗ ಬ್ಯಾಂಡಿನ ಕೆಳಗೆ ಕುಣಿಕೆ ಹಾಕಿ ಕತ್ತರಿಸಿದರೆ ಗಡ್ಡೆಯ ಬುಡದ ಕೆಳಗೆ ಒಂದಿಷ್ಟು ಆರೋಗ್ಯವಂತ ಪದರವೂ ಬರುತ್ತದೆ. ಸಣ್ಣ ಗಂಟಿಗೆ ಇದು ಸುಲಭ, ಬೇಗ, ಅಂಚೂ ಸ್ವಚ್ಛ. ಇನ್ನೊಂದು ದಾರಿ ಇಎಸ್‌ಡಿ: ಸಣ್ಣ ಚಾಕುವಿನಿಂದ ಪದರ ಬಿಡಿಸುತ್ತಾ ಗಂಟನ್ನು ಇಡಿಯಾಗಿ ಎಬ್ಬಿಸುವುದು. ಇದಕ್ಕೆ ಪಳಗಿದ ಕೈ ಬೇಕು, ಬೆಂಗಳೂರು, ಹೈದರಾಬಾದ್‌ನಲ್ಲಿ ಮಾಡುವವರಿದ್ದಾರೆ.

ಗುದನಾಳ ಬಿಟ್ಟು ಮೇಲಿನ ಕರುಳಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅಲ್ಲಿ ಚಿತ್ರ ಬೇರೆ. ದೊಡ್ಡ ಕರುಳಿನ ಉಳಿದ ಭಾಗದಲ್ಲಿ, ಅದರಲ್ಲೂ ಸೀಕಮ್‌ನಲ್ಲಿ ಇವು ಸಿಕ್ಕರೆ ಸಾಮಾನ್ಯವಾಗಿ ದೊಡ್ಡವಾಗಿಯೇ ಸಿಗುತ್ತವೆ. ಉಗ್ರ ಬಗೆಯದಾದರೆ ಹುಣ್ಣಾದ ದೊಡ್ಡ ಗಡ್ಡೆ, ನೋಟದಲ್ಲಿ ಮಾಮೂಲಿ ಕರುಳಿನ ಕ್ಯಾನ್ಸರಿಗೂ ಇದಕ್ಕೂ ವ್ಯತ್ಯಾಸ ಹೇಳಲಾಗದು, ಬಯಾಪ್ಸಿಯೇ ಹೇಳಬೇಕು. ಸಣ್ಣ ಕರುಳಿನ ಕೊನೆಯ ತುದಿಯಲ್ಲಿರುವುದಂತೂ ಇನ್ನೂ ಜಾಣ. ಅಲ್ಲಿ ಹಳದಿ ನುಣುಪು ಗಂಟು ಚಿಕ್ಕದೇ ಇರುತ್ತದೆ, ಆದರೆ ಅಷ್ಟರಲ್ಲೇ ದುಗ್ಧಗ್ರಂಥಿಗೆ, ಲಿವರಿಗೆ ಹೋಗಿರಬಹುದು. ಒಂದಕ್ಕಿಂತ ಹೆಚ್ಚು ಗಂಟುಗಳೂ ಇರಬಹುದು. ಅದು ಸುರಿಸುವ ಸಿರೊಟೋನಿನ್ ಎಂಬ ಹಾರ್ಮೋನ್ ಲಿವರ್ ದಾಟಿ ಮೈಗೆ ಸೇರಿದಾಗ ಮುಖ ಕೆಂಪೇರುವುದು, ನೀರಿನಂಥ ಭೇದಿ ಕಾಣಿಸಿಕೊಳ್ಳುತ್ತವೆ. ಸ್ಕೋಪ್ ಹಿಡಿದವರು ಸೀಕಮ್ ಮುಟ್ಟಿದ ಮೇಲೆ ಕವಾಟ ದಾಟಿ ಸಣ್ಣ ಕರುಳಿನ ತುದಿಗೂ ಇಣುಕುವ ರೂಢಿ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ. ನಮ್ಮ ಕಡೆ ಕರುಳಿನ ಟಿಬಿ ಇದೆಯೆಂದು ಹೇಗೂ ಅಲ್ಲಿ ಇಣುಕುತ್ತೇವೆ. ಆದರೆ ಆ ಜಾಗದಲ್ಲಿ ಕರುಳು ದಪ್ಪಗಾಗಿ, ಪಕ್ಕದಲ್ಲಿ ಗ್ರಂಥಿ ಊದಿದ್ದು ಸ್ಕ್ಯಾನಿನಲ್ಲಿ ಕಂಡ ಕೂಡಲೇ, ಬಯಾಪ್ಸಿ ಇಲ್ಲದೆ ಟಿಬಿ ಮಾತ್ರೆ ಶುರುಮಾಡುವ ಅಭ್ಯಾಸ ಒಳ್ಳೆಯದಲ್ಲ. ಕರುಳಿನ ಪಕ್ಕ ಸುಣ್ಣಗಟ್ಟಿದ ಗಂಟು, ಅದರಿಂದ ಗಾಡಿಚಕ್ರದ ಅರಗಳಂತೆ ಹೊರಟ ಎಳೆಗಳು ಕಂಡರೆ ಈ ಗಡ್ಡೆಯನ್ನೂ ನೆನೆಯಬೇಕು.

ನಿಮ್ಮ ತಂದೆಯವರದು ಆ ಬಗೆಯದಲ್ಲ. ಗುದನಾಳದ ಗಡ್ಡೆಗಳು ಸಿರೊಟೋನಿನ್ ಸುರಿಸುವುದು ತೀರಾ ಅಪರೂಪ. ಹಾಗಾಗಿ ಮುಖ ಕೆಂಪಾಗುತ್ತದಾ, ಭೇದಿ ಇದೆಯಾ ಎಂದು ದಿನಾ ಅವರನ್ನು ಕೇಳಿ ಹೆದರಿಸಬೇಡಿ. 24 ಗಂಟೆಯ ಮೂತ್ರ ಹಿಡಿದು ಮಾಡುವ ಪರೀಕ್ಷೆಯೂ ಬೇಡ. ರಕ್ತದಲ್ಲಿ ಕ್ರೋಮೋಗ್ರಾನಿನ್ (ಇಂಥ ಕೋಶಗಳು ಬಿಡುವ ಒಂದು ಪ್ರೋಟೀನ್) ನೋಡಿಸಿ ಎಂದು ಯಾರಾದರೂ ಹೇಳಿದರೆ, ಅದೂ ಸದ್ಯಕ್ಕೆ ಬೇಡ. ಗುದನಾಳದ ಗಡ್ಡೆಯಲ್ಲಿ ಅದು ಬಹಳ ಸಲ ಏರುವುದೇ ಇಲ್ಲ. ಆಸಿಡಿಟಿಗೆ ಪ್ಯಾಂಟಪ್ರಜೋಲ್ ತಗೊಳ್ಳುವವರಲ್ಲಿ ಗಡ್ಡೆ ಇಲ್ಲದೆಯೂ ಏರುತ್ತದೆ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಎದ್ದು ಆ ಮಾತ್ರೆ ನುಂಗದ ಮನೆ ಎಷ್ಟಿವೆ? ಸುಮ್ಮನೆ ಏರಿದ ಅಂಕಿ ನೋಡಿ ನಿದ್ದೆಗೆಡುತ್ತೀರಿ. ಈ ಗಡ್ಡೆ ಮೈಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಒಳ್ಳೆಯ ಪರೀಕ್ಷೆ, ದೊಡ್ಡದಕ್ಕೆ, ಹರಡಿದ ಅನುಮಾನ ಇದ್ದವರಿಗೆ. ಆರು ಮಿಲಿಮೀಟರಿಗೆ ಸಾಲ ಮಾಡಿ ಮಾಡಿಸುವಂಥದ್ದಲ್ಲ.

ವರದಿಯಲ್ಲಿ ನೋಡಬೇಕಾದ್ದು ಕೆಐ-67. ಕೋಶಗಳು ಎಷ್ಟು ಚುರುಕಾಗಿ ಹೆಚ್ಚುತ್ತಿವೆ ಎಂಬ ಲೆಕ್ಕ ಅದು. ಶೇ. 3ಕ್ಕಿಂತ ಕಡಿಮೆಯಾದರೆ ಗ್ರೇಡ್ 1, 3ರಿಂದ 20 ಗ್ರೇಡ್ 2, ಅದರ ಮೇಲೆ ಗ್ರೇಡ್ 3. ನಿಮ್ಮದು 1. ಸಿನಾಪ್ಟೋಫೈಸಿನ್ ಪಾಸಿಟಿವ್ ಎಂದಿದೆ, ರೋಗದ ಗುರುತಿಗೆ ಅದು ಸಾಕ್ಷಿ. ಕ್ರೋಮೋಗ್ರಾನಿನ್ ನೆಗೆಟಿವ್ ಎಂದಿರುವುದಕ್ಕೆ ಗಾಬರಿಯಾಗಬೇಡಿ, ಗುದನಾಳದಲ್ಲಿ ಅದು ಸಾಮಾನ್ಯ. ರಕ್ತನಾಳ, ದುಗ್ಧನಾಳದೊಳಗೆ ಗಡ್ಡೆಯ ಕೋಶ ಹೊಕ್ಕಿದೆಯೇ ಎಂಬ ಸಾಲು ಮಾತ್ರ ನಿಮ್ಮ ವರದಿಯಲ್ಲಿಲ್ಲ. ಅದನ್ನು ಕೇಳಿ ಬರೆಸಿಕೊಳ್ಳಿ. ಮುಂದಿನ ನಿರ್ಧಾರಕ್ಕೆ ಅದು ಬೇಕು.

ಇನ್ನು ಬಾಕಿ ಉಳಿದ ಕೆಲಸ. ಅಂಚಿನವರೆಗೂ ಗಡ್ಡೆ ಇದೆ ಅಂದರೆ ಒಳಗೆ ಖಂಡಿತ ಉಳಿದಿದೆ ಎಂದಲ್ಲ. ಕತ್ತರಿಸಿದ ಜಾಗ ಕರೆಂಟಿನಿಂದ ಸುಟ್ಟಿರುತ್ತದೆ, ಆ ಕಲೆಯನ್ನು ಮತ್ತೆ ತೆಗೆದು ನೋಡಿದಾಗ ಬಹಳ ಜನರಲ್ಲಿ ಏನೂ ಸಿಗುವುದಿಲ್ಲ. ಕೆಲವರಲ್ಲಿ ಸಿಗುತ್ತದೆ. ಯಾರು ಯಾವ ಗುಂಪು ಎಂದು ಹೊರಗಿಂದ ಹೇಳಲಾಗದ್ದರಿಂದ, ಕಲೆ ಕಣ್ಣಿಗೆ ಕಾಣುವಾಗಲೇ ಒಮ್ಮೆ ನೋಡಿಬಿಡುವುದು ಜಾಣತನ. ವಾರಗಳಲ್ಲಿ ಅದು ಮಾಸುತ್ತಾ ಹೋಗುತ್ತದೆ. ಸಿರುಗುಪ್ಪದವರ ಕಥೆ ಅದಕ್ಕೇ ಹೇಳಿದೆ. ಪೂರ್ತಿ ಕೊಲೊನೋಸ್ಕೋಪಿ ಮತ್ತೆ ಬೇಡ, ಎನಿಮಾ ಕೊಟ್ಟು ಗುದನಾಳವನ್ನಷ್ಟೇ ನೋಡಿದರೆ ಸಾಕು. ಜೊತೆಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್: ಸ್ಕೋಪಿನ ತುದಿಯಲ್ಲೇ ಸ್ಕ್ಯಾನ್ ಯಂತ್ರ. ಗೋಡೆಯ ಪದರಗಳನ್ನು ಒಂದೊಂದಾಗಿ ತೋರಿಸುತ್ತದೆ, ಕೆಳಗಿನ ಪದರದಲ್ಲಿ ಕಪ್ಪು ಚುಕ್ಕೆ ಉಳಿದಿದೆಯೇ, ಪಕ್ಕದಲ್ಲಿ ಗ್ರಂಥಿ ಊದಿದೆಯೇ ಎಂದು ಹೇಳುತ್ತದೆ. ಆ ಕಲೆಯನ್ನು ಬ್ಯಾಂಡ್ ಹಾಕಿಯೋ ಇಎಸ್‌ಡಿ ಮಾಡಿಯೋ ತೆಗೆದು ಕಳಿಸಿದರೆ, ಅಂಚು ಸ್ವಚ್ಛ ಬಂದರೆ, ರಕ್ತನಾಳದಲ್ಲಿ ಏನೂ ಇಲ್ಲದಿದ್ದರೆ, ಇಷ್ಟು ಸಣ್ಣ ಗ್ರೇಡ್ 1ಕ್ಕೆ ಈ ಗಡ್ಡೆಯ ಸಲುವಾಗಿ ವರ್ಷವರ್ಷ ತಿರುಗಾಟ ಬೇಕಿಲ್ಲ ಎಂದೇ ಯುರೋಪಿನ ತಜ್ಞರ ಮಾರ್ಗಸೂಚಿಯೂ ಹೇಳುತ್ತದೆ. ಹೊಟ್ಟೆ ಕೊಯ್ಯುವ ಆಪರೇಷನ್ ಬೇಡ, ಕಿಮೋ ಬೇಡ, ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಕಟ್ಟುವ ಮಾತಂತೂ ಇಲ್ಲವೇ ಇಲ್ಲ. ಆ ಭಯವೇ ನಿಮ್ಮ ಮನೆಯಲ್ಲಿ ಎಲ್ಲರ ಎದೆಯಲ್ಲಿ ಕೂತಿರುವುದು ಎಂದು ಪತ್ರದ ಸಾಲುಗಳ ನಡುವೆ ನನಗೆ ಕಾಣಿಸಿತು.

ಸಿಂಧನೂರಿನಿಂದ ಹೈದರಾಬಾದಿಗಾದರೂ ಹೋಗಿ, ಬೆಂಗಳೂರಿಗಾದರೂ ಹೋಗಿ, ಅಲ್ಟ್ರಾಸೌಂಡ್ ಸ್ಕೋಪ್ ಮತ್ತು ಇಎಸ್‌ಡಿ ಎರಡೂ ಇರುವ ಕಡೆ ಹೋಗಿ. ಖಾಲಿ ಕೈಯಲ್ಲಿ ಹೋಗಬೇಡಿ. ಕೊಲೊನೋಸ್ಕೋಪಿಯ ಫೋಟೊಗಳು, ಎಷ್ಟು ಸೆಂ.ಮೀ. ಮೇಲೆ ಎಂಬ ಬರಹ, ಪೆಥಾಲಜಿಯ ಗಾಜಿನ ಸ್ಲೈಡುಗಳು, ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇಷ್ಟನ್ನೂ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಬ್ಲಾಕನ್ನು ಕಾರಿನ ಗಾಜಿನ ಮುಂದೆ ಇಡಬೇಡಿ. ಅದರ ಮೇಣ 56-58 ಡಿಗ್ರಿಗೆ ಕರಗುವಂಥದ್ದು, ನಮ್ಮ ರಾಯಚೂರಿನ ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಮೆತ್ತಗಾದರೆ ಆಶ್ಚರ್ಯವಿಲ್ಲ. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಮೊದಲು ಕೊಲೊನೋಸ್ಕೋಪಿ ಮಾಡಿದ ಡಾಕ್ಟರ ಹತ್ತಿರವೂ ಒಮ್ಮೆ ಹೋಗಿ, ಜಗಳಕ್ಕಲ್ಲ. ಯಾವ ಗೋಡೆಯಲ್ಲಿತ್ತು ಎಂದು ಅವರಿಗೆ ಈಗ ನೆನಪಿರುತ್ತದೆ, ಇನ್ನೊಂದು ತಿಂಗಳಿಗೆ ಇರಲಿಕ್ಕಿಲ್ಲ. ಕಾಗದದ ಮೇಲೆ ಒಂದು ವೃತ್ತ ಬರೆದು ಚುಕ್ಕೆ ಇಟ್ಟು ಕೊಟ್ಟರೂ ಮುಂದಿನವರಿಗೆ ಅದು ದೊಡ್ಡ ಸಹಾಯ.

ಮನೆಯಲ್ಲಿ ಯಾರೋ ‘ಮಿರ್ಚಿ ತಿಂದು ತಿಂದು ಹಿಂಗಾತು’ ಅಂದರು ಎಂದು ಬರೆದಿದ್ದೀರಿ. ಖಾರದಿಂದ ಈ ಗಡ್ಡೆ ಬರುತ್ತದೆ ಎನ್ನಲು ಆಧಾರವಿಲ್ಲ. ಮೂಲವ್ಯಾಧಿ ಉರಿಯುವಾಗ ಖಾರ ಕಡಿಮೆ ಮಾಡಲಿ, ಅಷ್ಟೇ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ನೀರು ಚೆನ್ನಾಗಿರಲಿ, ಮಲ ಗಟ್ಟಿಯಾಗದಿರಲಿ. ನಿಮಗೂ ನಿಮ್ಮ ಅಣ್ಣನಿಗೂ ಇದು ಬರುತ್ತದೆಯೇ ಎಂಬ ಆತಂಕವೂ ಬೇಡ, ಗುದನಾಳದ ಈ ಗಡ್ಡೆ ಸಾಮಾನ್ಯವಾಗಿ ವಂಶದಲ್ಲಿ ಇಳಿದು ಬರುವಂಥದ್ದಲ್ಲ.

ಅಪ್ಪನಿಗೆ ಏನಂತ ಹೇಳಲಿ ಎಂದು ಕೇಳಿದ್ದೀರಿ. ಲೆಕ್ಕ ಬರೆಯುವ ಮನುಷ್ಯ, ಅರ್ಧ ಮುಚ್ಚಿಟ್ಟರೆ ಅವರಿಗೆ ತಿಳಿದೇ ತಿಳಿಯುತ್ತದೆ. ಊಟ ಆದ ಮೇಲೆ, ಟಿವಿ ಆರಿಸಿ, ಪಕ್ಕ ಕೂತು ಇಷ್ಟು ಹೇಳಿ: ‘ಅಪ್ಪಾ, ಒಳಗ ಒಂದು ಸಣ್ಣ ಗಂಟಿತ್ತು, ಶೇಂಗಾ ಬೀಜದಕಿಂತ ಸಣ್ಣದು. ಅದು ಹರಡೋ ಜಾತಿದು, ಆದರ ಹರಡೋಕಿಂತ ಮೊದಲ ಸಿಕ್ಕೈತಿ. ಮ್ಯಾಲಿಂದು ತಗದಾರ, ಬುಡ ಉಳದೈತೋ ಇಲ್ಲೋ ಅಂತ ಇನ್ನೊಮ್ಮೆ ನೋಡಿಸ್ಬೇಕು. ಹೊಟ್ಟಿ ಕೊಯ್ಯಂಗಿಲ್ಲ. ನಾನೂ ಜೋಡಿ ಬರ್ತೀನಿ.’ ಅವರು ಏನು ಕೇಳಿದರೂ ಉತ್ತರ ಕೊಡಿ, ಗೊತ್ತಿಲ್ಲದ್ದನ್ನು ನನಗೆ ಬರೆಯಿರಿ. ಕಲೆ ನೋಡಿದ ವರದಿ ಬಂದ ಮೇಲೆ ಅದನ್ನೂ ಕಳಿಸಿ.